ಹಿಟ್ಟಿನ ಕೋಳಿ ಮತ್ತು ಉಗ್ರಾಣದ ಇಲಿ

ಜನ್ನನ ‘ಯಶೋಧರ ಚರಿತೆ’ (1209) ಯನ್ನು ಓದದ ಶ್ರಾವಕರಿರಬಹುದು. ಅದರ ಕಥೆಯನ್ನು ಕೇಳದವರು ವಿರಳ. ಕೊಯ್ದದ್ದು ಹಿಟ್ಟಿನ ಕೋಳಿಯನ್ನಾದರೂ ಕೊಲ್ಲುವ ಸಂಕಲ್ಪಕ್ಕಾಗಿ ಅರಸನು ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾನೆ. ಇಲಿಗಳ ನಿಯಂತ್ರಣದ ಮಾತು ಬಂದಾಗ ಈ ಕಥೆಯನ್ನು ಮುಂದಿಟ್ಟು, ‘ನಾವು ಕೊಲ್ಲುವವರಲ್ಲ’ ಎಂದು ಸುಮ್ಮನಾಗುವುದುಂಟು. ಇದು ಕಾವ್ಯದ ಅರ್ಧ ಓದು.

ಭದ್ರಾ ನದಿಯ ದಡದ ಹೊಳೆಹೊನ್ನೂರನ್ನೇ ನೋಡಿ. ಸುತ್ತಲೂ ನೀರಾವರಿಯ ಭತ್ತದ ಗದ್ದೆಗಳು. ಇಂತಹ ನೆಲದಲ್ಲಿ ಇಲಿಜ್ವರದ ಭಯ ಸಹಜ. ಇಲಿಯ ಮೂತ್ರದಲ್ಲಿರುವ ರೋಗಾಣು ನಿಂತ ನೀರನ್ನು ಸೇರಿ, ಗಾಯವಾದ ಚರ್ಮದ ಮೂಲಕ ದೇಹವನ್ನು ಹೊಗುತ್ತದೆ. ಚಿಕಿತ್ಸೆ ತಡವಾದರೆ ಮೂತ್ರಪಿಂಡ, ಯಕೃತ್ತುಗಳು ಕೆಡುತ್ತವೆ. ಬರಿಗಾಲಲ್ಲಿ ನಾಟಿ ಮಾಡುವ ಕೂಲಿಯವರೇ ಇದಕ್ಕೆ ಮೊದಲು ತುತ್ತಾಗುವವರು. ಉಗ್ರಾಣದ ಇಲಿಯನ್ನು ಬೋನಿನಲ್ಲಿ ಹಿಡಿದು ಪರರ ಗದ್ದೆಯ ಬದುವಿನಲ್ಲಿ ಬಿಟ್ಟು ಬರುವ ದಯೆಯು ಆ ಕೂಲಿಯವರ ಪಾಲಿಗೆ ಏನಾದೀತು?

ವಿಷವನ್ನೇ ನೆಚ್ಚಿದ ಕ್ರಮವೂ ಟೀಕೆಗೆ ಹೊರತಲ್ಲ. ಬ್ರೋಮಾಡಿಯೋಲೋನ್ ತಿಂದ ಇಲಿಯು ಒಳಗೊಳಗೇ ರಕ್ತ ಸೋರಿ ಕೆಲವು ದಿನಗಳ ಅನಂತರ ಸಾಯುತ್ತದೆ. ಅದನ್ನು ತಿಂದ ಗೂಬೆ, ಬೆಕ್ಕುಗಳಿಗೂ ಅಪಾಯ. ಆಹಾರವೂ ಬಿಲವೂ ಉಳಿದಿದ್ದರೆ ಇಲಿಗಳ ಸಂತತಿ ಬೇಗ ತುಂಬಿಕೊಳ್ಳುತ್ತದೆ. ಪ್ಲೇಗಿನಲ್ಲಂತೂ ಚಿಗಟಗಳನ್ನು ಅಳಿಸದೆ ಇಲಿಗಳನ್ನು ಕೊಂದರೆ, ಆಸರೆ ತಪ್ಪಿದ ಚಿಗಟಗಳು ಮನುಷ್ಯನ ಮೈಯೇರುತ್ತವೆ. 1898ರಲ್ಲಿ ಬೆಂಗಳೂರನ್ನು ಪ್ಲೇಗು ಕಾಡಿದ ಮೇಲೆ ಗಾಳಿ ಬೆಳಕುಗಳಿಗೆ ಎಡೆಯಿದ್ದ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದುದನ್ನು ಇಲ್ಲಿ ನೆನೆಯಬೇಕು. ವಸತಿಯ ರೀತಿ ಬದಲಾಗುವುದೂ ರೋಗನಿವಾರಣೆಯೇ.

ಹಾಗಾದರೆ ನಮ್ಮ ಹೊಣೆಯೇನು? ‘ತತ್ತ್ವಾರ್ಥಸೂತ್ರ’ವು ಹಿಂಸೆಯ ಲಕ್ಷಣದಲ್ಲಿಯೇ ಪ್ರಮಾದವನ್ನು ಸೇರಿಸಿದೆ. ತೆರೆದಿಟ್ಟ ಅಕ್ಕಿಯ ಚೀಲ, ರಾತ್ರಿಯಿಡೀ ಗುಡಿಸದೆ ಬಿಟ್ಟ ಅಕ್ಷತೆ, ಊಟದ ಮನೆಯ ಹಿಂದೆ ಸುರಿದ ಎಲೆಗಳು ಇವೆಲ್ಲವೂ ಪ್ರಮಾದಗಳೇ. ಇಲಿಗಳನ್ನು ಕರೆದು, ಸಾಕಿ, ಸಂಖ್ಯೆ ಮಿತಿಮೀರಿದಾಗ ಗುತ್ತಿಗೆಯವನ ಕೈಯಲ್ಲಿ ವಿಷವಿಡಿಸಿದರೆ ಅದು ಕಾರಿತ. ಕಂಡೂ ಕಾಣದಂತಿದ್ದರೆ ಅನುಮೋದಿತ. ಕೃತದ ದೋಷ ತಪ್ಪಿತೆಂದು ಆಡಳಿತ ಮಂಡಳಿಗಳು ಸಮಾಧಾನಪಡುವಂತಿಲ್ಲ. ಸಂಕಲ್ಪದ ಲೆಕ್ಕವನ್ನು ಇಷ್ಟು ನಿಷ್ಠುರವಾಗಿ ಇಡುವ ಜನ್ನನ ಕಾವ್ಯವು ನಮ್ಮನ್ನು ಕೇಳುವುದೂ ಇದನ್ನೇ.

ಗೃಹಸ್ಥನಿಗೆ ಸಂಕಲ್ಪೀ ಹಿಂಸೆ ಸರ್ವಥಾ ತ್ಯಾಜ್ಯ. ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಸಾಧ್ಯವಾದಷ್ಟು ಕುಗ್ಗಿಸುವುದು ಕರ್ತವ್ಯ. ಧಾನ್ಯಕ್ಕೆ ಮುಚ್ಚಳವಿರುವ ತಗಡಿನ ಡಬ್ಬ, ಬಾಗಿಲ ಸಂದಿಗೆ ತಗಡು, ಬಚ್ಚಲ ಕಿಂಡಿಗೆ ಜಾಲರಿ, ಸೂರ್ಯಾಸ್ತಕ್ಕೆ ಮುನ್ನ ಕಸದ ವಿಲೇವಾರಿ, ಗದ್ದೆಗಿಳಿಯುವ ಕೂಲಿಯವರಿಗೆ ಗಂಬೂಟು: ಇವು ಯಾವ ಬಸದಿಯ ಶಕ್ತಿಗೂ ಮೀರಿದವಲ್ಲ. ಇಷ್ಟನ್ನು ಮಾಡಿದ ಮೇಲೂ ರೋಗ ಹರಡಿ ಬೇರೆ ದಾರಿ ಉಳಿಯದಿದ್ದರೆ, ಆಗ ಒದಗುವ ಹಿಂಸೆಯನ್ನು ಹಿಂಸೆಯೆಂದೇ ಒಪ್ಪಿ ಪ್ರತಿಕ್ರಮಣ ಮಾಡೋಣ. ಉಗ್ರಾಣದ ಬಾಗಿಲನ್ನು ಭದ್ರಪಡಿಸದವರು ಹಿಟ್ಟಿನ ಕೋಳಿಯ ಕಥೆಯನ್ನು ಉಪದೇಶಿಸುವುದು ಶೋಭಿಸದು.