ಪುನೀತ ರಾಜಕುಮಾರರ ಅಭಿನಯ

ಲೋಕಪ್ರಿಯತೆಯು ಕಲಾವಿದನಿಗೆ ಎರಡು ಬಗೆಯ ಅನ್ಯಾಯವನ್ನು ಮಾಡಬಲ್ಲುದು. ಆತನು ಬದುಕಿರುವಾಗ ಆತನನ್ನು ತನ್ನ ಇಚ್ಛೆಗೆ ತಕ್ಕಂತೆ ಕುಣಿಸುವುದು ಮೊದಲನೆಯದು. ಆತನು ತೀರಿಕೊಂಡ ಬಳಿಕ ಪೂಜಾಪೀಠದ ಮೇಲೆ ಕುಳ್ಳಿರಿಸಿ ಆತನ ಕಲೆಯ ವಿಚಾರವನ್ನೇ ನಿಲ್ಲಿಸಿಬಿಡುವುದು ಎರಡನೆಯದು. ಪುನೀತ ರಾಜಕುಮಾರರಿಗೆ ಇವೆರಡೂ ಪ್ರಾಪ್ತವಾದುವು. 2021ನೆಯ ಇಸವಿಯ ಅಕ್ಟೋಬರ 29ರಂದು, ತಮ್ಮ 46ನೆಯ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲಿ ಹಠಾತ್ತನೆ ನಿಧನ ಹೊಂದಿದರು. ಅಂದಿನಿಂದ ಅವರ ಸೌಜನ್ಯ, ದಾನಶೀಲತೆ, ನೇತ್ರದಾನ ಇವುಗಳನ್ನು ಕನ್ನಡನಾಡು ಬಾಯಿತುಂಬ ಕೊಂಡಾಡುತ್ತಲಿದೆ. ಅದೆಲ್ಲವೂ ಯೋಗ್ಯವೇ. ಆದರೆ ಪುನೀತರು ಮೊದಲು ನಟರು. ನಟನ ನಟನೆಯನ್ನು ಕಣ್ದೆರೆದು ನೋಡಿ ತೂಗುವುದೇ ಆತನಿಗೆ ಸಲ್ಲಿಸತಕ್ಕ ನಿಜವಾದ ಗೌರವವು. ಒಳ್ಳೆಯವನಾಗಿದ್ದನೆಂಬ ಕಾರಣದಿಂದಲೇ ಒಳ್ಳೆಯ ನಟನೆನ್ನುವುದು ಒಳ್ಳೆಯತನಕ್ಕೂ ನ್ಯಾಯವಲ್ಲ, ಕಲೆಗೂ ನ್ಯಾಯವಲ್ಲ.

ಪುನೀತರು 1975ನೆಯ ಇಸವಿಯ ಮಾರ್ಚ 17ರಂದು ಮದ್ರಾಸಿನಲ್ಲಿ ಜನಿಸಿದರು. ಆಗ ಅವರಿಗಿಟ್ಟ ಹೆಸರು ಲೋಹಿತ. ಡಾ. ರಾಜಕುಮಾರರ ಕಿರಿಯ ಮಗನಾದ ಈ ಶಿಶುವು ನಡೆಯಲು ಕಲಿಯುವ ಮುಂಚೆಯೇ ‘ಪ್ರೇಮದ ಕಾಣಿಕೆ’ ಎಂಬ 1976ರ ಚಿತ್ರಪಟದಲ್ಲಿ ಕಾಣಿಸಿಕೊಂಡಿತು. ‘ವಸಂತಗೀತ’, ‘ಭಾಗ್ಯವಂತ’, ‘ಚಲಿಸುವ ಮೋಡಗಳು’, ‘ಎರಡು ನಕ್ಷತ್ರಗಳು’ ಮೊದಲಾದ ಚಿತ್ರಗಳು ಒಂದರ ಹಿಂದೊಂದು ಬಂದುವು. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ತಂದೆಯು ಹಿರಣ್ಯಕಶಿಪುವಾಗಿ ಗುಡುಗಿದರೆ, ಮಗನು ಪ್ರಹ್ಲಾದನಾಗಿ ನಿಂತನು. ಅಲ್ಲಿ ಆ ಬಾಲಕನ ಬಲವಿದ್ದುದು ಮಾತಿನಲ್ಲಲ್ಲ. ಎದುರಿಗೆ ಅಬ್ಬರಿಸುವ ದೈತ್ಯನನ್ನು ಅಂಜಿಕೆಯಿಲ್ಲದೆ, ದ್ವೇಷವೂ ಇಲ್ಲದೆ, ಪೂರ್ತಿಯಾಗಿ ಆಲಿಸುವ ಮುಖದಲ್ಲಿ. ಆಲಿಸುವ ಈ ಗುಣವೇ ಅವರ ಅಭಿನಯದ ಮೂಲಧನವು.

ಇದರ ಪರಿಪಕ್ವ ರೂಪವು ‘ಬೆಟ್ಟದ ಹೂವು’ ಚಿತ್ರದಲ್ಲಿ ದೊರೆಯುವುದು. ಶರ್ಲಿ ಅರೋರಾ ಎಂಬ ಲೇಖಕಿಯ ಇಂಗ್ಲಿಷ ಕಾದಂಬರಿಯನ್ನು ಆಧರಿಸಿ ಎನ್. ಲಕ್ಷ್ಮೀನಾರಾಯಣರು ನಿರ್ದೇಶಿಸಿದ ಈ ಕೃತಿಗಾಗಿ, 1985ನೆಯ ವರ್ಷದ ಶ್ರೇಷ್ಠ ಬಾಲನಟನೆಂಬ ರಾಷ್ಟ್ರಪ್ರಶಸ್ತಿಯು ಪುನೀತರಿಗೆ ಸಂದಿತು. ಬಡ ಮನೆಯ ರಾಮುವಿಗೆ ಓದಿನ ಹಸಿವು. ಕುವೆಂಪು ಅವರ ರಾಮಾಯಣವನ್ನು ಕೊಳ್ಳಬೇಕೆಂಬುದು ಅವನ ಹಂಬಲ. ಅದಕ್ಕಾಗಿ ಬೆಟ್ಟದಲ್ಲಿ ಅಲೆದು ಅಪೂರ್ವವಾದ ಹೂಗಳನ್ನು ತಂದು ಪರದೇಶದ ಹೆಣ್ಣುಮಗಳಿಗೆ ಮಾರಿ ಕಾಸು ಕೂಡಿಸುವನು. ಕಡೆಗೆ ಚಳಿಯಲ್ಲಿ ನಡುಗುವ ಮನೆಯವರ ನೆನಪಾಗಿ, ಪುಸ್ತಕದ ಬದಲು ಕಂಬಳಿಗಳನ್ನು ಕೊಳ್ಳುವನು. ಅಳಿಸುವುದಕ್ಕೆ ಇದಕ್ಕಿಂತ ಸುಲಭವಾದ ಕಥೆ ಯಾವುದು? ಆದರೆ ಆ ಹುಡುಗನು ಪ್ರೇಕ್ಷಕರನ್ನು ಅಳಿಸಲು ಹವಣಿಸುವುದಿಲ್ಲ. ಹಿರಿಯರ ಮಾತುಗಳು ಒಳಗಿಳಿಯುವಾಗ ಅವನ ಮುಖದ ಮೇಲೆ ಲೆಕ್ಕಾಚಾರವೂ ಆಸೆಯೂ ನಾಚಿಕೆಯೂ ಒಂದರ ಮೇಲೊಂದು ಹಾಯ್ದುಹೋಗುವುವು. ತ್ಯಾಗವು ಅಲ್ಲಿ ದೊಡ್ಡ ಮಾತಾಗಿ ಬಾರದೆ, ಒಂದು ಸಣ್ಣ ಮೌನವಾಗಿ ಬರುವುದು.

ಅದೇ ಕಾಲಕ್ಕೆ ಕನ್ನಡನಾಡಿನ ಇನ್ನೊಬ್ಬ ಬಾಲನಟನೂ ಮನೆಮಾತಾದನು. ಶಂಕರ ನಾಗರು ಆಗುಂಬೆಯಲ್ಲಿ ಚಿತ್ರಿಸಿ, 1987ರಲ್ಲಿ ದೂರದರ್ಶನದ ಮೂಲಕ ದೇಶಕ್ಕೆಲ್ಲ ತೋರಿಸಿದ ‘ಮಾಲ್ಗುಡಿ ಡೇಸ್’ ಮಾಲಿಕೆಯ ಸ್ವಾಮಿ, ಅಂದರೆ ಮಾಸ್ಟರ್ ಮಂಜುನಾಥನೇ ಅವನು. ಮಂಜುನಾಥರು ದೊಡ್ಡವರಾದ ಮೇಲೆ ನಟನೆಯನ್ನು ಬಿಟ್ಟು ಬೇರೆ ದಾರಿ ಹಿಡಿದರು. ಆದುದರಿಂದ ಜನರ ನೆನಪಿನಲ್ಲಿ ಸ್ವಾಮಿಯು ಬೆಳೆಯದೆ ಹಾಗೆಯೇ ಉಳಿದನು. ಪುನೀತರಿಗೆ ಅಂಥ ಬಿಡುಗಡೆಯಿರಲಿಲ್ಲ. 1989ರ ‘ಪರಶುರಾಮ್’ ಚಿತ್ರದ ಬಳಿಕ ಅವರು ಹದಿಮೂರು ವರ್ಷ ತೆರೆಯಿಂದ ದೂರವಿದ್ದರೂ, ತಂದೆಯ ಮನೆತನದ ವಾರಸಿಕೆಯು ಅವರಿಗಾಗಿ ಬಾಗಿಲಲ್ಲಿ ಕಾದೇ ಇತ್ತು.

2002ರಲ್ಲಿ ‘ಅಪ್ಪು’ ಚಿತ್ರದಿಂದ ಅವರು ನಾಯಕನಟರಾದರು, ಒಮ್ಮೆಲೇ ಹದಿಹರೆಯದವರ ಆರಾಧ್ಯಮೂರ್ತಿಯೂ ಆದರು. ಪೊಲೀಸ್ ಪೇದೆಯ ಮಗನು ಕಮಿಶನರರ ಮಗಳನ್ನು ಒಲಿಸಿಕೊಳ್ಳುವ ಈ ಕಥೆಯನ್ನು ನಿರ್ದೇಶಕ ಪುರಿ ಜಗನ್ನಾಥರು ಅದೇ ವರ್ಷ ತೆಲುಗಿನಲ್ಲಿ ರವಿತೇಜರನ್ನಿಟ್ಟುಕೊಂಡು ‘ಈಡಿಯಟ್’ ಎಂಬ ಹೆಸರಿನಿಂದ ತೆಗೆದರು. ನಮ್ಮ ಗಂಗಾವತಿ ಸೀಮೆಯ ಶ್ರೀರಾಮನಗರದಂಥ ಊರುಗಳಲ್ಲಿ, ತುಂಗಭದ್ರೆಯ ಕಾಲುವೆಯ ನೀರನ್ನು ನಂಬಿ ಆಂಧ್ರದಿಂದ ಬಂದು ನೆಲೆಸಿದ ಮನೆತನಗಳೂ ಕನ್ನಡದ ಮನೆತನಗಳೂ ಭತ್ತದ ಗದ್ದೆಗಳ ನಡುವೆ ಕೂಡಿ ಬಾಳುತ್ತಿವೆ. ಇಂಥಲ್ಲಿ ಎರಡೂ ಚಿತ್ರಗಳನ್ನು ಹೋಲಿಸಿ ನೋಡುವುದು ಸುಲಭ, ಆ ಹೋಲಿಕೆಯಿಂದ ಒಂದು ಮಾತು ಸ್ಪಷ್ಟವಾಗುವುದು: ಅಚ್ಚು ಒಂದೇ, ಎರಕ ಮಾತ್ರ ಬೇರೆ. ಆ ಉದ್ಧಟತನ, ಆ ಸವಾಲು, ಆ ಹೊಡೆದಾಟ ಇವು ಪುನೀತರಿಗಾಗಿ ಹುಟ್ಟಿದುವಲ್ಲ. ಯಾವ ತರುಣ ನಾಯಕನನ್ನು ಅದರೊಳಗೆ ಸುರಿದರೂ ಆಕಾರವು ಅದೇ ಬರುತ್ತಿತ್ತು.

ಹಾಗೆಂದು ಈ ಕಾಲದ ಕೆಲಸವನ್ನು ಅಲ್ಲಗಳೆಯುವುದು ಸರಿಯಲ್ಲ. ಅವರ ನೃತ್ಯದ ಲಾಘವವೂ ಅಂಗಸಾಧನೆಯೂ ಅಸಾಮಾನ್ಯವಾಗಿದ್ದುವು. ಮನೆಮಂದಿಯೆಲ್ಲ ಕೂಡಿ ನೋಡಬಹುದಾದ ಚಿತ್ರಗಳ ಕಡೆಗೇ ಅವರ ಒಲವಿತ್ತು. ‘ಮಿಲನ’ ಹಾಗೂ ‘ಜಾಕಿ’ ಚಿತ್ರಗಳಿಗೆ ರಾಜ್ಯಪ್ರಶಸ್ತಿಯು ದೊರೆಯಿತು. ‘ಮಿಲನ’ದಲ್ಲಿ, ಬೇರೊಬ್ಬನಲ್ಲಿ ಮನಸ್ಸಿಟ್ಟ ಹೆಂಡತಿಯ ಮಾತನ್ನು ಗಂಡನು ಕೇಳಿಸಿಕೊಳ್ಳುವ ಭಾಗಗಳಲ್ಲಿ, ಹಳೆಯ ರಾಮುವು ಮರಳಿ ಇಣಿಕುವನು. ಆದರೆ 2010ರ ‘ಪೃಥ್ವಿ’ಯನ್ನು ನೋಡಿರಿ. ಬಳ್ಳಾರಿಯ ಅಕ್ರಮ ಗಣಿಗಾರಿಕೆಯನ್ನು ಎದುರಿಸುವ ಜಿಲ್ಲಾಧಿಕಾರಿಯ ಪಾತ್ರವದು. ಆ ಗಣಿಗಾರಿಕೆಯ ಕುರಿತು ಲೋಕಾಯುಕ್ತರ ಅಂತಿಮ ವರದಿಯು ಹೊರಬಿದ್ದುದು 2011ರಲ್ಲಿ; ಆದುದರಿಂದ ಆ ವಸ್ತುವನ್ನು ಆಗಲೇ ಆರಿಸಿಕೊಂಡುದು ಧೈರ್ಯದ ಕಾರ್ಯವೇ ಸರಿ. ಆದರೂ ಕಾಗದಪತ್ರ, ಕಾಯಿದೆ, ಸಾಕ್ಷಿ, ತಾಳ್ಮೆ ಇವುಗಳಿಂದ ಗೆಲ್ಲಬೇಕಾದ ಅಧಿಕಾರಿಯು ಕಟ್ಟಕಡೆಗೆ ಮುಷ್ಟಿಯನ್ನೇ ನೆಚ್ಚಬೇಕಾಗುವುದು. ಇಲ್ಲಿ ತಪ್ಪು ನಟನದಲ್ಲ, ಅಚ್ಚಿನದು. ನಾಯಕನು ಯಾರ ಮಾತನ್ನೂ ಕೇಳಕೂಡದು, ಎಲ್ಲರೂ ಆತನ ಮಾತನ್ನೇ ಕೇಳಬೇಕು ಎಂಬುದು ಆ ಅಚ್ಚಿನ ಮೊದಲನೆಯ ನಿಯಮವು. ಆಲಿಸುವುದೇ ಯಾರ ಸಹಜಶಕ್ತಿಯಾಗಿತ್ತೋ ಅಂಥವರ ಕಿವಿಯನ್ನೇ ಅದು ಮುಚ್ಚಿಬಿಟ್ಟಿತು.

ಆ ಕಿವಿಯು ಮತ್ತೆ ತೆರೆದುದು ದೂರದರ್ಶನದ ಪರದೆಯ ಮೇಲೆ. 1998ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, 2000ದಲ್ಲಿ ಅಮಿತಾಭ ಬಚ್ಚನ್ನರ ಮೂಲಕ ಹಿಂದಿಗೆ ಬಂದ ಪ್ರಶ್ನೋತ್ತರದ ಆಟವು, 2012ರಲ್ಲಿ ‘ಕನ್ನಡದ ಕೋಟ್ಯಧಿಪತಿ’ ಎಂಬ ಹೆಸರಿನಿಂದ ಸುವರ್ಣ ವಾಹಿನಿಯಲ್ಲಿ ಆರಂಭವಾಯಿತು. ಪುನೀತರು ಅದನ್ನು ನಡೆಯಿಸಿಕೊಟ್ಟರು; 2019ರಲ್ಲಿ ಕಲರ್ಸ್ ಕನ್ನಡ ವಾಹಿನಿಯಲ್ಲಿಯೂ ಮತ್ತೆ ಆ ಆಸನವನ್ನು ಏರಿದರು. ಹಿಂದಿಯಲ್ಲಿ ಬಚ್ಚನ್ನರ ಗಂಭೀರ ಕಂಠವೂ ಅಳತೆಯ ಮಾತೂ ಆ ಆಸನಕ್ಕೆ ಒಂದು ಬಗೆಯ ರಾಜಸಭೆಯ ಘನತೆಯನ್ನು ತಂದಿದ್ದುವು. ಪುನೀತರು ಅದನ್ನು ಅನುಕರಿಸಲಿಲ್ಲ. ಕೋಟಿ ರೂಪಾಯಿಯ ಆಸೆಯನ್ನು ಎದೆಯಲ್ಲಿಟ್ಟುಕೊಂಡು, ಬೆಳಕಿನ ಝಳಕ್ಕೆ ಕಂಗೆಟ್ಟು ಕುಳಿತ ಸಾಮಾನ್ಯ ಮನುಷ್ಯನ ಎದುರಿಗೆ ಅವರು ನೆರೆಮನೆಯವರಂತೆ ಕುಳಿತರು. ಆತನು ತಡವರಿಸಿದರೆ ಕಾದರು, ನಕ್ಕರೆ ನಕ್ಕರು, ಸೋತರೆ ಆ ಸೋಲಿನ ಭಾರವನ್ನು ತಾವೂ ಒಂದಿಷ್ಟು ಹೊತ್ತರು.

ಇದು ನಟನೆಯೇ ಅಲ್ಲ, ಬರಿಯ ಸೌಜನ್ಯವೆಂದು ಕೆಲವರು ಆಕ್ಷೇಪಿಸಬಹುದು. ಆ ಆಕ್ಷೇಪವು ನಿಲ್ಲುವಂತಹದಲ್ಲ. ಎದುರಿನವರಿಗೆ ಭರವಸೆಯನ್ನೂ ಕೊಡಬೇಕು, ಉತ್ತರದ ಸುಳಿವನ್ನೂ ಕೊಡಬಾರದು. ಅವರ ದುಃಖಕ್ಕೆ ಕರಗಲೂ ಬೇಕು, ಆಟದ ಕಟ್ಟಳೆಯನ್ನು ಕಾಯಲೂ ಬೇಕು. ಕೆಮರಾದ ಕಣ್ಣುಗಳ ನಡುವೆ ಇದೆಲ್ಲವೂ ಸಹಜವಾಗಿ ಕಾಣಬೇಕು. ಕಷ್ಟದ ಕಥೆಗಳನ್ನು ಸಂಗೀತದೊಡನೆ ಬೆರೆಸಿ ಕಣ್ಣೀರನ್ನು ಸರಕಾಗಿಸುವುದು ಇಂಥ ಕಾರ್ಯಕ್ರಮಗಳ ದೊಡ್ಡ ದೋಷ. ಅದರೊಳಗೆ ಕುಳಿತೂ ಎದುರಿನವರ ಮರ್ಯಾದೆಯನ್ನು ಉಳಿಸುವುದಕ್ಕೆ ಬರಿಯ ಒಳ್ಳೆಯತನವು ಸಾಲದು, ಹದವರಿತ ಸಂಯಮವು ಬೇಕು. ಹತ್ತು ವರ್ಷದ ಬಾಲಕನಲ್ಲಿ ಹುಟ್ಟುಗುಣವಾಗಿದ್ದುದು ಇಲ್ಲಿ ವಶವಾದ ವಿದ್ಯೆಯಾಗಿ ಕಾಣುವುದು.

ಅಮೋಘವರ್ಷರೊಡನೆ ಮಾಡಿದ ‘ಗಂಧದ ಗುಡಿ’ಯು ಅವರ ಮರಣಾನಂತರ, 2022ರ ಅಕ್ಟೋಬರ 28ರಂದು ತೆರೆಕಂಡಿತು. 1973ರಲ್ಲಿ ಇದೇ ಹೆಸರಿನ ಚಿತ್ರದಲ್ಲಿ ತಂದೆಯು ಅರಣ್ಯಾಧಿಕಾರಿಯಾಗಿ ಕಾಡನ್ನು ಕಾಯಲು ಹೋರಾಡಿದ್ದರು. ಮಗನು ಯಾವ ಪಾತ್ರದ ವೇಷವೂ ಇಲ್ಲದೆ, ತಾನಾಗಿಯೇ ಕಾಡನ್ನು ಹೊಕ್ಕು, ಅದನ್ನು ಬಲ್ಲವರ ಮಾತನ್ನು ಕೇಳುತ್ತ ನಡೆದನು. ತಂದೆಯ ವಾರಸಿಕೆಯನ್ನು ಆತನು ನಿಜವಾಗಿ ತನ್ನದಾಗಿಸಿಕೊಂಡುದು ಇಲ್ಲಿಯೇ ಎನ್ನಬೇಕು. ನಾಲ್ಕು ದಿನಗಳಲ್ಲಿ, ನವೆಂಬರ 1ರಂದು, ತಂದೆಗೆ 1992ರಲ್ಲಿ ಸಂದ ‘ಕರ್ನಾಟಕ ರತ್ನ’ವು ಮಗನ ಹೆಸರಿಗೂ ಸಂದಿತು.

ಮನೆಮನೆಗಳಲ್ಲಿ ಎಳೆಯರು ಇಂದಿಗೂ ಅವರ ಹೊಡೆದಾಟವನ್ನೂ ಕುಣಿತವನ್ನೂ ಅನುಕರಿಸುವರು. ಅದನ್ನು ತಡೆಯುವ ಕಾರಣವಿಲ್ಲ. ಆದರೆ ಹಿರಿಯರು ಒಂದು ಸಾಯಂಕಾಲ ಅವರನ್ನು ಕೂಡಿಸಿಕೊಂಡು ‘ಬೆಟ್ಟದ ಹೂವು’ ತೋರಿಸಲಿ. ಬಳಿಕ ಕೋಟ್ಯಧಿಪತಿಯ ಒಂದು ಕಂತನ್ನೂ ತೋರಿಸಲಿ. ಪುನೀತರು ಮಾತಾಡುವಾಗ ಅಲ್ಲ, ಮಾತಾಡದೆ ಇರುವಾಗ ಅವರ ಮುಖವನ್ನು ನೋಡಿರೆಂದು ಹೇಳಲಿ. ನಾಯಕನೆಂದರೆ ಎಲ್ಲರ ಬಾಯಿ ಮುಚ್ಚಿಸುವವನೆಂದು ಚಿತ್ರಪಟಗಳು ಎಷ್ಟೋ ವರ್ಷಗಳಿಂದ ಕಲಿಸುತ್ತ ಬಂದಿವೆ. ಇನ್ನೊಬ್ಬರ ಮಾತು ಮುಗಿಯುವವರೆಗೆ ಕಾಯುವುದರಲ್ಲಿಯೂ ಶೌರ್ಯವುಂಟೆಂಬುದನ್ನು ಎಳೆಯರು ಆ ಮುಖದಿಂದ ಕಲಿತರೆ, ಅದಕ್ಕಿಂತ ಹೆಚ್ಚಿನ ಸ್ಮಾರಕವು ಆ ನಟನಿಗೆ ಬೇಕಾಗಿಲ್ಲ.