ಹದಿನೈದು ಕರಡುಗಳು ಯಾರವು?

ಒಂದು ವಾಕ್ಯವನ್ನು ನಾನು ಇಪ್ಪತ್ತು ವರ್ಷ ತಪ್ಪಾಗಿ ಓದಿಕೊಂಡಿದ್ದೆ. ಫ್ಲೋಬೇರನ ‘ಮದಾಮ್ ಬೊವಾರಿ’ಯ ಮೂರನೆಯ ಭಾಗದ ಎಂಟನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ಎಮ್ಮಾ ಆರ್ಸೆನಿಕ್ ತಿಂದಿದ್ದಾಳೆ. ಯೋನ್‌ವಿಲ್ ಎಂಬ ಆ ಸಣ್ಣ ಊರಿಗೆಲ್ಲ ಸುದ್ದಿ ಹಬ್ಬಿದೆ. ಪಕ್ಕದ ಪೇಟೆಯ ಡಾಕ್ಟರ್ ಕನಿವೆಗೂ, ರೂಆನ್ ನಗರದ ಹೆಸರಾಂತ ವೈದ್ಯ ಲಾರಿವಿಯೇರ್‌ಗೂ ತಕ್ಷಣ ಪತ್ರ ಹೋಗಬೇಕು. ಬರೆಯಲು ಕೂತವನಿಗೆ ತಲೆಯೇ ಓಡುವುದಿಲ್ಲ. ಹದಿನೈದಕ್ಕೂ ಹೆಚ್ಚು ಕರಡು ಮಾಡುತ್ತಾನೆ.

ಕೂತವನು ಶಾರ್ಲ್ ಎಂದೇ ನಾನು ನಂಬಿದ್ದೆ. ಹಾಸ್ಟೆಲಿನಲ್ಲಿ ಮೊದಲ ಸಲ ಓದಿದಾಗಲೂ ಹಾಗೇ ಅಂದುಕೊಂಡೆ, ಗೆಳೆಯರ ಮುಂದೆ ಹಾಗೇ ಹೇಳಿದೆ. ಎಮ್ಮಾಳ ಗಂಡ, ಸ್ವತಃ ವೈದ್ಯ, ತನ್ನ ಹೆಂಡತಿಗೆ ಏನಾಗಿದೆ ಎಂದು ಇನ್ನೊಬ್ಬ ವೈದ್ಯನಿಗೆ ತಿಳಿಸಲಾಗದೆ ಕಾಗದ ಹರಿದು ಹರಿದು ಬಿಸಾಡುತ್ತಿದ್ದಾನೆ ಎಂಬುದು ನನ್ನ ಕಣ್ಣಿಗೆ ಕಟ್ಟಿದ ಚಿತ್ರ. ಮೊನ್ನೆ ಇಡೀ ಕಾದಂಬರಿಯನ್ನು ಮತ್ತೆ ಓದುವಾಗ ಅದು ತಪ್ಪು ಎಂದು ಗೊತ್ತಾಯಿತು. ಹಿಂದಿನ ವಾಕ್ಯದಲ್ಲಿ ಶಾರ್ಲ್ ಕೋಣೆಯೊಳಗೆ ಮೇಜು ಕುರ್ಚಿಗಳಿಗೆ ಡಿಕ್ಕಿ ಹೊಡೆಯುತ್ತ, ಕೂದಲು ಕಿತ್ತುಕೊಳ್ಳುತ್ತ ತಿರುಗುತ್ತಿದ್ದಾನೆ. ಅದನ್ನು ಔಷಧ ಅಂಗಡಿಯ ಓಮೆ ನೋಡುತ್ತಾನೆ. ಆಮೇಲೆ ‘ಅವನು’ ಪತ್ರ ಬರೆಯಲು ತನ್ನ ಮನೆಗೆ ಮರಳುತ್ತಾನೆ. ಶಾರ್ಲ್ ಇರುವುದೇ ತನ್ನ ಮನೆಯಲ್ಲಿ. ಅವನು ಮರಳಬೇಕಾದ ಮನೆ ಬೇರೊಂದಿಲ್ಲ. ಅಂದರೆ ಹದಿನೈದು ಕರಡುಗಳು ಓಮೆಯವು.

ಒಂದು ಸರ್ವನಾಮದ ಗೊಂದಲ ಇದು, ಅಷ್ಟೇ ಎನ್ನಬಹುದು. ನಾನು ಓದಿದ್ದು ಎಲಿನರ್ ಮಾರ್ಕ್ಸ್ ಏವ್ಲಿಂಗ್ 1886ರಲ್ಲಿ ಮಾಡಿದ ಇಂಗ್ಲಿಷ್ ಅನುವಾದವನ್ನು. ಅದರಲ್ಲೂ ಈ ಜಾಗದಲ್ಲಿ ಬರೀ ‘ಅವನು’ ಎಂದೇ ಇದೆ. ಗಮನವಿಟ್ಟು ಓದಿದರೆ ಯಾರು ಎಂದು ಗೊತ್ತಾಗುತ್ತದೆ. ಆದರೆ ಯಾರು ಬರೆದರು ಎಂಬುದು ಬದಲಾದ ಕೂಡಲೆ ಈ ಅಧ್ಯಾಯ ನನ್ನ ಮಟ್ಟಿಗೆ ಬೇರೆಯೇ ಆಯಿತು.

ಮೊದಲು ಆ ಕಾಲದ ಪತ್ರಗಳ ಬಗ್ಗೆ ಎರಡು ಮಾತು. ಹದಿನೆಂಟನೆಯ ಶತಮಾನದ ಯುರೋಪಿನಲ್ಲಿ ಪತ್ರದ ಮೂಲಕ ಚಿಕಿತ್ಸೆ ಕೇಳುವುದು ಸಾಮಾನ್ಯ ಸಂಗತಿ. ಸ್ಟೆತಸ್ಕೋಪ್ ಬಂದದ್ದು 1816ರಲ್ಲಿ. ಅದಕ್ಕೆ ಮೊದಲು ಎದುರಿಗೆ ಕೂತ ವೈದ್ಯನೂ ಮುಖ್ಯವಾಗಿ ರೋಗಿ ಹೇಳುವ ಕಥೆಯನ್ನೇ ನಂಬಬೇಕಿತ್ತು. ಹಾಗಿದ್ದ ಮೇಲೆ ಆ ಕಥೆ ಅಂಚೆಯಲ್ಲಿ ಬಂದರೇನು? ಎಡಿನ್‌ಬರೋದ ವಿಲಿಯಂ ಕಲನ್‌ಗೆ ಬಂದ ಮತ್ತು ಆತ ಕಳಿಸಿದ ಸಾವಿರಾರು ಪತ್ರಗಳು ಉಳಿದಿವೆ. ತನ್ನ ಉತ್ತರಗಳ ಪ್ರತಿ ಇಟ್ಟುಕೊಳ್ಳಲು ಕಲನ್ 1781ರಿಂದ ಜೇಮ್ಸ್ ವಾಟ್‌ನ ನಕಲು ಯಂತ್ರ ಬಳಸುತ್ತಿದ್ದ. ನಮ್ಮ ‘ಸೆಂಟ್ ಫೋಲ್ಡರ್’ನ ಮುತ್ತಜ್ಜ ಅನ್ನಿ. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿದ್ದ ತಿಸೋಗೂ ಇಂಥ ಪತ್ರಗಳು ರಾಶಿ ರಾಶಿ ಬರುತ್ತಿದ್ದವು. 1787ರ ಏಪ್ರಿಲ್ 1ರಂದು ಕಾರ್ಸಿಕಾದ ಅಜಾಕ್ಸಿಯೋದಿಂದ ಹದಿನೇಳು ವರ್ಷದ ಒಬ್ಬ ಸೇನಾಧಿಕಾರಿ, ತನ್ನ ತಂದೆಯ ಚಿಕ್ಕಪ್ಪನ ಸಂಧಿವಾತಕ್ಕೆ ಸಲಹೆ ಕೇಳಿ ತಿಸೋಗೆ ಬರೆದ. ಪತ್ರ ಸೊಗಸಾಗಿತ್ತು, ಹೊಗಳಿಕೆಯೂ ಸಾಕಷ್ಟಿತ್ತು. ತಿಸೋ ಅದರ ಮೇಲೆ ‘ಉತ್ತರಿಸಿಲ್ಲ, ಅಂಥ ವಿಶೇಷವೇನಿಲ್ಲ’ ಎಂಬರ್ಥದ ಟಿಪ್ಪಣಿ ಹಾಕಿ ಪಕ್ಕಕ್ಕಿಟ್ಟ. ಬರೆದವನ ಹೆಸರು ನೆಪೋಲಿಯನ್ ಬೊನಪಾರ್ಟ್.

ಚೆನ್ನಾಗಿ ಬರೆದ ಪತ್ರಕ್ಕೆಲ್ಲ ಉತ್ತರ ಬರುವುದಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ. ಫ್ಲೋಬೇರನ ಕಾದಂಬರಿಯೂ ಅದನ್ನೇ ಇನ್ನೊಂದು ದಿಕ್ಕಿನಿಂದ ತೋರಿಸುತ್ತದೆ. ಇದರಲ್ಲಿ ಚೆನ್ನಾಗಿ ಬರೆಯುವವರಿಗೆ ಬರವಿಲ್ಲ. ರೊಡೋಲ್ಫ್ ಎಮ್ಮಾಳನ್ನು ಕೈಬಿಡುವ ಪತ್ರ ಬರೆದು, ಕಣ್ಣೀರಿನ ಗುರುತಿಗಾಗಿ ಅದರ ಮೇಲೆ ಒಂದು ಹನಿ ನೀರು ಬೀಳಿಸುತ್ತಾನೆ. ಓಮೆ ‘ಫನಾಲ್’ ಎಂಬ ಪತ್ರಿಕೆಯ ವರದಿಗಾರ. ಅವನ ಲೇಖನಿ ನಿಂತದ್ದೇ ಇಲ್ಲ. ಬರೆಯಲು ಬಾರದವನು ಒಬ್ಬನೇ, ಅವನು ಶಾರ್ಲ್.

ಶಾರ್ಲ್ ಪೂರ್ತಿ ಡಾಕ್ಟರ್ ಅಲ್ಲ ಎಂಬುದನ್ನು ನೆನಪಿಡಬೇಕು. ಫ್ರಾನ್ಸಿನಲ್ಲಿ 1803ರ ಕಾನೂನು ಎರಡನೆಯ ದರ್ಜೆಯ ವೈದ್ಯರನ್ನು ಹುಟ್ಟಿಸಿತ್ತು. ನಮ್ಮ ಕಡೆ ಹಿಂದೆ ಎಲ್‌ಎಂಪಿ ಡಾಕ್ಟರರು ಇದ್ದರಲ್ಲ, ಸುಮಾರಾಗಿ ಹಾಗೆ. ಇವರು ತಮ್ಮ ಜಿಲ್ಲೆಯಲ್ಲಷ್ಟೇ ವೃತ್ತಿ ಮಾಡಬಹುದು. ದೊಡ್ಡ ಶಸ್ತ್ರಚಿಕಿತ್ಸೆಗೆ ಮೇಲಿನ ದರ್ಜೆಯ ಡಾಕ್ಟರರು ಜೊತೆಗಿರಬೇಕು. ಶಾರ್ಲ್ ಆ ಪರೀಕ್ಷೆಯಲ್ಲೂ ಒಮ್ಮೆ ಫೇಲಾಗಿ ಎರಡನೆಯ ಸಲ ಪಾಸಾದವನು. ಅವನ ಕಪಾಟಿನಲ್ಲಿ ವೈದ್ಯಶಾಸ್ತ್ರದ ನಿಘಂಟಿನ ಸಂಪುಟಗಳಿವೆ. ಆದರೆ ಅವುಗಳ ಹಾಳೆಗಳನ್ನು ಯಾರೂ ಕತ್ತರಿಸಿ ಬಿಡಿಸಿಲ್ಲ, ಅಂದರೆ ಓದಿಯೇ ಇಲ್ಲ. ಇದನ್ನು ಕಾದಂಬರಿಯ ಮೊದಲ ಭಾಗದಲ್ಲೇ ನಮ್ಮ ಕಣ್ಣಿಗೆ ಬೀಳಿಸಿ ಫ್ಲೋಬೇರ್ ಸುಮ್ಮನಾಗುತ್ತಾನೆ. ಎಮ್ಮಾ ವಿಷ ತಿಂದ ರಾತ್ರಿ ಶಾರ್ಲ್ ಕೈ ಹಾಕುವುದು ವೈದ್ಯ ನಿಘಂಟಿಗೇ. ಅಕ್ಷರಗಳು ಕಣ್ಣ ಮುಂದೆ ಕುಣಿಯುತ್ತವೆ, ಏನೂ ಕಾಣುವುದಿಲ್ಲ.

ಇದನ್ನು ಬರೀ ದಡ್ಡತನವೆಂದು ಓದುವುದು ಸುಲಭ. ವಿಮರ್ಶೆಯಲ್ಲಿ ಶಾರ್ಲ್ ಬಗ್ಗೆ ಹೆಚ್ಚಾಗಿ ಆಗಿರುವುದೂ ಅದೇ. ಆದರೆ ಎಮ್ಮಾಳಿಗಾಗಿ ಅವನು ಬೇರೆ ವೈದ್ಯರ ಬಳಿ ಹೋದ ಸಂದರ್ಭಗಳನ್ನು ಸಾಲಾಗಿ ಇಟ್ಟು ನೋಡಿ. ಮೊದಲ ಸಲ ಅವಳನ್ನು ರೂಆನ್‌ಗೆ ತನ್ನ ಹಳೆಯ ಗುರುವಿನ ಬಳಿ ಕರೆದುಕೊಂಡು ಹೋಗುತ್ತಾನೆ. ನರಗಳ ತೊಂದರೆ, ಹವಾ ಬದಲಾಗಬೇಕು ಎಂದು ಗುರು ಹೇಳುತ್ತಾರೆ. ಚೆನ್ನಾಗಿ ನಡೆಯುತ್ತಿದ್ದ ಪ್ರಾಕ್ಟೀಸ್ ಬಿಟ್ಟು ಶಾರ್ಲ್ ಊರೇ ಬದಲಿಸುತ್ತಾನೆ. ಎರಡನೆಯ ಸಲ, ರೊಡೋಲ್ಫ್ ಕೈಕೊಟ್ಟು ಎಮ್ಮಾ ಹಾಸಿಗೆ ಹಿಡಿದಾಗ, ನಲವತ್ಮೂರು ದಿನ ಅವಳ ಪಕ್ಕ ಬಿಡುವುದಿಲ್ಲ, ಬೇರೆ ರೋಗಿಗಳನ್ನು ನೋಡುವುದಿಲ್ಲ. ಮಂಜುಗಡ್ಡೆ ತರಲು ಹುಡುಗನನ್ನು ಪೇಟೆಗೆ ಓಡಿಸುತ್ತಾನೆ, ದಾರಿಯಲ್ಲಿ ಕರಗುತ್ತದೆ, ಮತ್ತೆ ಓಡಿಸುತ್ತಾನೆ. ಕನಿವೆಯನ್ನೂ ಲಾರಿವಿಯೇರ್‌ನನ್ನೂ ಕರೆಸುತ್ತಾನೆ. ಮೂರನೆಯ ಸಲ, ಎಲ್ಲಕ್ಕಿಂತ ಅವಸರದ ಹೊತ್ತಿನಲ್ಲಿ, ಅವನಿಂದ ಬರೆಯುವುದಕ್ಕೂ ಆಗುವುದಿಲ್ಲ. ದಡ್ಡತನ ಮೂರು ಸಲವೂ ಅಷ್ಟೇ ಇತ್ತು. ಏರಿದ್ದು ಭಯ. ವೈದ್ಯನಿಗೆ ತನ್ನ ಮನೆಯ ರೋಗಿಯ ವಿಷಯದಲ್ಲಿ ವಿದ್ಯೆಗಿಂತ ಮೊದಲು ಕೈಕೊಡುವುದು ಭಾಷೆ ಎಂಬುದು ಇಲ್ಲಿ ನನಗೆ ಕಾಣುತ್ತದೆ.

ಫ್ಲೋಬೇರ್‌ಗೆ ಇದು ಮನೆಯ ವಿಷಯ. ತಂದೆ ರೂಆನ್‌ನ ದೊಡ್ಡಾಸ್ಪತ್ರೆಯ ಮುಖ್ಯ ಶಸ್ತ್ರವೈದ್ಯ. ಲಾರಿವಿಯೇರ್ ಪಾತ್ರದಲ್ಲಿ ಅವರ ನೆರಳಿದೆ. ಅಣ್ಣ ಅಶಿಲ್ ಕೂಡ ಶಸ್ತ್ರವೈದ್ಯ. 1844ರಲ್ಲಿ ಗುಸ್ತಾವ್‌ಗೆ ಮೂರ್ಛೆ ಬಂದಾಗ ಚಿಕಿತ್ಸೆ ಮಾಡಿದವರು ಮನೆಯವರೇ. 1846ರ ಜನವರಿಯಲ್ಲಿ ತಂದೆಯ ತೊಡೆಯ ಕೀವುಗಡ್ಡೆಗೆ ಚಾಕು ಹಾಕಿದವನು ಅಶಿಲ್, ತಂದೆ ಉಳಿಯಲಿಲ್ಲ. ಎರಡೇ ತಿಂಗಳಿಗೆ ತಂಗಿ ಕರೋಲಿನ್ ಬಾಣಂತಿಯಾಗಿದ್ದಾಗಲೇ ತೀರಿಕೊಂಡಳು. ವೈದ್ಯರೇ ತುಂಬಿದ ಮನೆ, ಒಂದು ಚಳಿಗಾಲದಲ್ಲಿ ಎರಡು ಸಾವು. ಇದಾಗಿ ಐದು ವರ್ಷಕ್ಕೆ, 1851ರಲ್ಲಿ, ‘ಮದಾಮ್ ಬೊವಾರಿ’ ಬರೆಯಲು ಕೂತ. ಲಾರಿವಿಯೇರ್‌ನನ್ನು ಅವನು ದೇವರಂತೆ ಊರೊಳಗೆ ಇಳಿಸುತ್ತಾನೆ ನಿಜ. ಆದರೆ ಆ ದೇವರು ರೋಗಿಯ ಮುಖ ನೋಡಿಯೇ ಹುಬ್ಬು ಗಂಟಿಕ್ಕುತ್ತಾನೆ, ಇನ್ನೇನೂ ಮಾಡುವಂತಿಲ್ಲ ಎನ್ನುತ್ತಾನೆ. ಸಾವು ನೋವುಗಳನ್ನು ನೋಡಿ ನೋಡಿ ಪಳಗಿದವನ ಕಣ್ಣಿಂದ ಒಂದು ಹನಿ ಜಾರುತ್ತದೆ. ಅದು ಬೀಳುವುದು ಶಾರ್ಲ್‌ನ ಮುಖ ಕಂಡಾಗ.

ಈಗ ಓಮೆಯ ಕರಡುಗಳಿಗೆ ಬರೋಣ. ಇಡೀ ಕಾದಂಬರಿಯಲ್ಲಿ ಓಮೆಯ ಮಾತು ಸೋಲುವುದು ಇಲ್ಲಿ ಮಾತ್ರ. ಲೈಸೆನ್ಸ್ ಇಲ್ಲದೆ ವೈದ್ಯ ಮಾಡಿ ಒಮ್ಮೆ ಸಿಕ್ಕಿಬಿದ್ದವನು, ಎಲ್ಲದಕ್ಕೂ ಲ್ಯಾಟಿನ್ ಶಬ್ದ ಇಟ್ಟುಕೊಂಡವನು, ಒಂದು ಸರಳ ಕರೆ ಬರೆಯಲಾಗದೆ ಹದಿನೈದು ಸಲ ಕಾಗದ ಬದಲಿಸುತ್ತಾನೆ. ಓಮೆಯಲ್ಲಿ ಮನುಷ್ಯ ಕಂಡ ಕ್ಷಣ ಇದು. ಪತ್ರ ಒಯ್ದವರನ್ನೂ ನೋಡಿ. ಕನಿವೆಯ ಊರಿಗೆ ಹೋದವನು ಇಪೊಲಿತ್. ಅವನ ಸೊಟ್ಟ ಪಾದವನ್ನು ಸರಿಮಾಡುತ್ತೇನೆಂದು ಶಾರ್ಲ್ ಕೆಡಿಸಿದ್ದ, ಯಶಸ್ಸು ಎಂದು ಓಮೆ ಪತ್ರಿಕೆಗೆ ಬರೆದಿದ್ದ, ಕೊನೆಗೆ ಕಾಲನ್ನು ಕತ್ತರಿಸಿದವನು ಇದೇ ಕನಿವೆ. ರೂಆನ್ ಕಡೆಗೆ ಕುದುರೆ ಓಡಿಸಿದವನು ಜುಸ್ತಾಂ. ಆರ್ಸೆನಿಕ್ ಇದ್ದ ಕೋಣೆಗೆ ಜೊತೆಯಲ್ಲಿ ಹೋಗಿ, ಎಮ್ಮಾ ಬಾಯಿಗೆ ಹಾಕಿಕೊಂಡದ್ದನ್ನು ಕಣ್ಣಾರೆ ಕಂಡು, ಅವಳ ಮಾತಿಗೆ ಕಟ್ಟುಬಿದ್ದು ಬಾಯಿ ಮುಚ್ಚಿದ್ದ ಹುಡುಗ. ಕುದುರೆ ಸಾಯುವಷ್ಟು ಸುಸ್ತಾಗುವ ತನಕ ಓಡಿಸುತ್ತಾನೆ. ಪತ್ರದಲ್ಲಿ ಬರೆಯಲಾಗದ್ದೆಲ್ಲ ಈ ಇಬ್ಬರ ದೇಹದಲ್ಲಿ ಸಾಗುತ್ತಿದೆ. ಇದರ ಮೇಲೆ ಫ್ಲೋಬೇರ್ ಒಂದು ಮಾತೂ ಆಡುವುದಿಲ್ಲ.

ಮಾರನೆಯ ದಿನಕ್ಕೆ ಓಮೆ ಚೇತರಿಸಿಕೊಳ್ಳುತ್ತಾನೆ. ವೆನಿಲಾ ಕ್ರೀಮ್ ಮಾಡುವಾಗ ಸಕ್ಕರೆಯೆಂದು ತಿಳಿದು ಆರ್ಸೆನಿಕ್ ಹಾಕಿಕೊಂಡಳು ಎಂಬ ಕಥೆ ಕಟ್ಟುತ್ತಾನೆ. ಎಮ್ಮಾಳ ತಂದೆಗೆ ಪತ್ರ ಬರೆಯುತ್ತಾನೆ. ಮುದುಕನಿಗೆ ನೋವಾಗದಿರಲೆಂದು ಎಷ್ಟು ಹುಷಾರಾಗಿ ಬರೆದಿರುತ್ತಾನೆಂದರೆ, ಮಗಳು ಇದ್ದಾಳೋ ಇಲ್ಲವೋ ಎಂದೇ ಅದರಿಂದ ತಿಳಿಯುವುದಿಲ್ಲ. ಓಮೆಯ ಕೈಯಲ್ಲಿ ಭಾಷೆ ಮತ್ತೆ ನಯವಾಯಿತು, ಸುಳ್ಳೂ ಆಯಿತು. ಕಾದಂಬರಿಯ ಕೊನೆಯ ವಾಕ್ಯ ಅವನಿಗೆ ಸರ್ಕಾರಿ ಪದಕ ಸಿಕ್ಕ ಸುದ್ದಿ.

ನಾನು ಇಷ್ಟು ವರ್ಷ ಈ ಕರಡುಗಳನ್ನು ಶಾರ್ಲ್‌ಗೆ ಕೊಟ್ಟದ್ದೇಕೆ ಎಂದು ಯೋಚಿಸಿದೆ. ಅವನು ಬರೆಯಬೇಕಿತ್ತು ಎಂಬ ಆಸೆ ಇರಬೇಕು. ಅದು ಗೊತ್ತಾದದ್ದು ಹೋದ ವರ್ಷದ ಒಂದು ರಾತ್ರಿಯ ಕಾರಣದಿಂದ.

ನನ್ನ ಚಿಗವ್ವನ ಮಗ ತಾಲೂಕಿನ ಊರೊಂದರಲ್ಲಿ ಡಾಕ್ಟರ್. ಚಿಗವ್ವನಿಗೆ ಕಾಯಿಲೆ ಜೋರಾದಾಗ ಪುಣೆಯ ಒಬ್ಬ ತಜ್ಞರಿಗೆ ಬರೆಯಬೇಕಾಯಿತು. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ. “ಅಣ್ಣಾ, ನಾಕು ಸಲ ಬರದೆ. ನನಗ ತಿಳೀವಲ್ದು. ನೀ ಒಮ್ಮೆ ನೋಡು.” ಕಳಿಸಿದ ಕರಡುಗಳಲ್ಲಿ ಮೊದಲನೆಯದರಲ್ಲಿ ಬರೀ ಅಂಕಿಗಳಿದ್ದವು, ಕೊನೆಯದರಲ್ಲಿ ಬರೀ ಅವ್ವ ಇದ್ದಳು. ಎಸ್ಕಲೇಶನ್ ಮೇಲ್ ಬರೆಯುವುದೇ ನನ್ನ ಹೊಟ್ಟೆಪಾಡು. ಅರ್ಧ ಗಂಟೆಯಲ್ಲಿ ವಯಸ್ಸು, ಹಿನ್ನೆಲೆ, ರಿಪೋರ್ಟ್, ಈಗಿನ ಔಷಧ, ಎರಡು ಪ್ರಶ್ನೆ ಎಂದು ಐದು ಅಂಶ ಮಾಡಿ ವಾಪಸ್ ಕಳಿಸಿದೆ. ‘ಹದಿನೈದು ದಿನದಿಂದ ಮುಂಜಾನೆ ರೇಡಿಯೋ ಹಚ್ಚುವುದನ್ನು ಬಿಟ್ಟಿದ್ದಾಳೆ’ ಎಂಬ ಒಂದು ಸಾಲನ್ನು ತೆಗೆದುಹಾಕಿದ್ದೆ. ಅದು ಡೇಟಾ ಅಲ್ಲ ಅನಿಸಿತ್ತು. ಅವನು ತಕ್ಷಣ ಕೇಳಿದ: “ಅದನ್ಯಾಕ ತಗದಿ?”

ನನ್ನ ಬಳಿ ಉತ್ತರ ಇರಲಿಲ್ಲ. ಈಗ ಕಾದಂಬರಿ ಮುಚ್ಚಿಟ್ಟಾಗ, ಆ ರಾತ್ರಿ ನಾನು ಯಾರ ಕುರ್ಚಿಯಲ್ಲಿ ಕೂತಿದ್ದೆ ಎಂದು ಗೊತ್ತಾಗಿದೆ. ಡಾಕ್ಟರ್ ಅಲ್ಲದ, ಆದರೆ ಡಾಕ್ಟರಿಗಾಗಿ ಪತ್ರ ತಿದ್ದುವ, ಬರವಣಿಗೆ ಸಲೀಸಾಗಿ ಬರುವ ಮನುಷ್ಯನ ಕುರ್ಚಿ ಅದು. ಓಮೆಗೆ ಹದಿನೈದು ಕರಡಾದರೂ ಬೇಕಾದವು. ನನಗೆ ಒಂದೇ ಸಾಕಾಯಿತು.

ಶಾರ್ಲ್ ಈ ಅಧ್ಯಾಯಗಳಲ್ಲಿ ಒಂದೇ ಒಂದು ಕಾಗದ ಬರೆಯುತ್ತಾನೆ, ಅದೂ ಎಮ್ಮಾ ಸತ್ತ ಮೇಲೆ. ಮದುವೆಯ ಉಡುಪಿನಲ್ಲೇ ಹೂಳಬೇಕು, ಬಿಳಿ ಬೂಟು ಇರಬೇಕು, ಕೂದಲು ಹೆಗಲ ಮೇಲೆ ಹರಡಿರಬೇಕು, ಮೂರು ಪೆಟ್ಟಿಗೆಗಳಿರಬೇಕು, ಎಲ್ಲದರ ಮೇಲೆ ಹಸಿರು ಮಖಮಲ್ ಹೊದಿಸಬೇಕು. ಕರಡಿಲ್ಲ, ಗೊಂದಲವಿಲ್ಲ. ಮಖಮಲ್ ಯಾಕೆ, ಖರ್ಚು ಎಷ್ಟು ಎಂದು ಓಮೆ ಬುದ್ಧಿ ಹೇಳಲು ಬಂದರೆ, ಅದು ನಿಮಗೆ ಸಂಬಂಧಪಡದ ವಿಷಯ ಎಂದು ರೇಗುತ್ತಾನೆ.

ಚಿಗವ್ವ ಆಮೇಲೆ ಎರಡು ತಿಂಗಳು ಇದ್ದಳು. ತಮ್ಮ ಆ ಮೇಲ್ ಕಳಿಸಿದಾಗ ಸಿಸಿಯಲ್ಲಿ ನನಗೂ ಬಂದಿತ್ತು. ನನ್ನ ಐದು ಅಂಶಗಳನ್ನು ಹಾಗೇ ಇಟ್ಟಿದ್ದ. ಅವುಗಳ ಮೇಲೆ, ಎಲ್ಲಕ್ಕಿಂತ ಮೊದಲು, ರೇಡಿಯೋದ ಸಾಲು ಇತ್ತು.