ಲಾಂಗ್ಲಿಯರ್ ಸೂಚ್ಯಂಕವೂ ಕೋಲಾರ ಸೀಮೆಯ ಈಜುಕೊಳವೂ

ಹೊಸದಾಗಿ ಕಟ್ಟಿದ ಈಜುಕೊಳದ ಮೊದಲ ನೀರನ್ನು ಹದಕ್ಕೆ ತರುವ ವಿದ್ಯೆಯಲ್ಲಿ ಲಾಂಗ್ಲಿಯರ್ ಸೂಚ್ಯಂಕಕ್ಕೆ ಇಂದು ಸಲ್ಲುತ್ತಿರುವ ಗೌರವವು ಅದರ ಯೋಗ್ಯತೆಯನ್ನು ಬಹುದೂರ ಮೀರಿದ್ದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ವಿಲ್ಫ್ರೆಡ್ ಲಾಂಗ್ಲಿಯರ್ 1936ರಲ್ಲಿ ಪ್ರಕಟಿಸಿದ ಪ್ರಬಂಧವು ಈಜುಕೊಳವನ್ನು ಮನಸ್ಸಿನಲ್ಲಿಟ್ಟು ಬರೆದುದಲ್ಲ. ನಗರಗಳಿಗೆ ನೀರೊಯ್ಯುವ ಕಬ್ಬಿಣದ ಕೊಳವೆಗಳು ತುಕ್ಕು ಹಿಡಿಯದಂತೆ, ಅವುಗಳ ಒಳಮೈಗೆ ಆ ನೀರಿನಿಂದಲೇ ಸುಣ್ಣದ ತೆಳುಪೊರೆಯೊಂದನ್ನು ಹೊದಿಸುವ ಉಪಾಯವೇನೆಂಬುದು ಅದರ ವಿಚಾರ. ಗಾಳಿಯ ಸೋಂಕಿಲ್ಲದೆ ಮುಚ್ಚಿದ ಕೊಳವೆಯಲ್ಲಿ ಹರಿದುಹೋಗುವ ನೀರನ್ನು ಕುರಿತ ಆ ಸೂತ್ರವನ್ನು, ಬಿಸಿಲಿಗೂ ಗಾಳಿಗೂ ಮೈಯೊಡ್ಡಿ ತಿಂಗಳುಗಟ್ಟಲೆ ಒಂದೇ ಕಡೆ ನಿಲ್ಲುವ ನೀರಿಗೆ ತಂದು ಅಂಟಿಸಿ, ಮಾಲೂರಿನ ತೋಟದ ಮನೆಗಳಲ್ಲಿಯೂ ನರಸಾಪುರದ ಸುತ್ತಣ ಹೊಸ ಬಡಾವಣೆಗಳಲ್ಲಿಯೂ ‘ಸೂಚ್ಯಂಕ ಸೊನ್ನೆಗೆ ಬಂದಿದೆ, ಇನ್ನು ನಿಶ್ಚಿಂತೆ’ ಎಂದು ಕಂಟ್ರಾಕ್ಟರು ಹಣ ಎಣಿಸಿಕೊಂಡು ಹೋಗುವುದಾದರೆ, ದೋಷವು ಲಾಂಗ್ಲಿಯರನದಲ್ಲವೆಂಬುದು ನಿಜ, ಅವನ ಭಕ್ತರದು.

ಕೋಲಾರ ಸೀಮೆಯ ನೀರಿನ ದುಃಸ್ಥಿತಿಯನ್ನು ಓದುಗರು ಬಲ್ಲರು. ಸದಾ ಹರಿಯುವ ನದಿಯಿಲ್ಲದಿರುವುದು, ಸಾವಿರ ಅಡಿಗಳಾಚೆಗೂ ಇಳಿದ ಕೊಳವೆಬಾವಿಗಳು, 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಲಕ್ಷ್ಮೀಸಾಗರ ಮೊದಲಾದ ಕೆರೆಗಳಿಗೆ ಬರುತ್ತಿರುವ ಬೆಂಗಳೂರಿನ ಸಂಸ್ಕರಿತ ನೀರು, ಅದರ ಸುತ್ತಣ ವ್ಯಾಜ್ಯ, ಇವೆಲ್ಲವೂ ಚರ್ವಿತಚರ್ವಣ. ಫ್ಲೋರೈಡಿನ ಮಾತನ್ನು ಮಾತ್ರ ಈಜುಕೊಳದ ಚರ್ಚೆಯೊಳಕ್ಕೆ ಎಳೆತರುವವರಿಗೆ ಒಂದು ಮಾತು ಹೇಳಬೇಕು: ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯು ನಿತ್ಯವೂ ಕುಡಿಯುವ ನೀರಿನದು, ಮೀಯುವ ನೀರಿನದಲ್ಲ. ಕೊಳವನ್ನು ಕಾಡುವುದು ಬೇರೆ ವಸ್ತು. ನಮ್ಮ ಬಂಡೆಯ ಸಂದುಗಳಲ್ಲಿ ಬಹುಕಾಲ ನಿಂತ ನೀರು ಬೈಕಾರ್ಬೊನೇಟನ್ನು ಧಾರಾಳವಾಗಿ ಹೊತ್ತುಬರುತ್ತದೆ. ಲೀಟರಿಗೆ 300 ಮಿಲಿಗ್ರಾಂ ಗಡಸುತನ, ಅಷ್ಟೇ ಕ್ಷಾರತೆ, ಇಲ್ಲಿ ಅಪೂರ್ವವಲ್ಲ. ಕೈಪಿಡಿಗಳು ಕೊಳಕ್ಕೆ ವಿಧಿಸುವ ಕ್ಷಾರತೆಯಾದರೋ 80ರಿಂದ 120.

ಈಗ ಸೂತ್ರವನ್ನು ಸ್ವಲ್ಪ ಸಾವಧಾನವಾಗಿ ನೋಡೋಣ. ನೀರಿನ ಪಿಎಚ್ ಮೌಲ್ಯಕ್ಕೆ, ಉಷ್ಣತೆ, ಕ್ಯಾಲ್ಸಿಯಂ, ಕ್ಷಾರತೆ ಎಂಬ ಮೂರಕ್ಕೂ ಕೋಷ್ಟಕದಲ್ಲಿ ಕೊಟ್ಟಿರುವ ಅಂಕಗಳನ್ನು ಕೂಡಿಸಿ, ಮೊತ್ತದಿಂದ 12.1ನ್ನು ಕಳೆಯುವುದು, ಉಳಿದುದು ಸೊನ್ನೆಯಾದರೆ ಸಮತೋಲ, ಧನವಾದರೆ ಸುಣ್ಣ ಕೂರುವುದು, ಋಣವಾದರೆ ನೀರು ಸಿಮೆಂಟನ್ನು ತಿನ್ನುವುದು. ಕ್ಯಾಲ್ಸಿಯಂ 300, ಕ್ಷಾರತೆ 100, ಪಿಎಚ್ 7.4 ಇರುವ ಒಂದು ಕೊಳವನ್ನೂ, ಕ್ಯಾಲ್ಸಿಯಂ 100, ಕ್ಷಾರತೆ 300, ಪಿಎಚ್ ಅದೇ 7.4 ಇರುವ ಇನ್ನೊಂದನ್ನೂ ನಮ್ಮ ಸಾಧಾರಣ ಸೆಕೆಯಲ್ಲಿ ಅಕ್ಕಪಕ್ಕ ಇಟ್ಟು ಲೆಕ್ಕ ಮಾಡಿದರೆ ಎರಡಕ್ಕೂ ಬರುವುದು 0.1 ಎಂಬ ಒಂದೇ ಉತ್ತರ. ಏಕೆಂದರೆ ಎರಡು ಅಂಶಗಳೂ ಲಘುಗಣಕಗಳಾಗಿ ಸೂತ್ರವನ್ನು ಪ್ರವೇಶಿಸುತ್ತವೆ; ಇವುಗಳಲ್ಲಿ ಒಂದರ ಕೊರತೆಯನ್ನು ಇನ್ನೊಂದರ ಹೆಚ್ಚಳ ತುಂಬಿಕೊಟ್ಟರೆ ಗಣಿತಕ್ಕೆ ಅಷ್ಟೇ ತೃಪ್ತಿ. ಆದರೆ ಹದಿನೈದು ದಿವಸ ಕಳೆಯಲಿ. ಒಂದೇ ಪಿಎಚ್‌ನಲ್ಲಿ ಮೂರು ಪಾಲು ಕ್ಷಾರತೆಯುಳ್ಳ ನೀರು ಮೂರು ಪಾಲು ಇಂಗಾಲದ ಡೈಆಕ್ಸೈಡನ್ನೂ ತನ್ನೊಳಗೆ ಹಿಡಿದಿರುತ್ತದೆ. ಮುಚ್ಚಳ ತೆಗೆದಿಟ್ಟ ಗೋಲಿಸೋಡದಿಂದ ಹೇಗೋ ಹಾಗೆ ಅದು ಗಾಳಿಗೆ ಜಾರುತ್ತದೆ, ಪಿಎಚ್ ಏರುತ್ತದೆ. ಎರಡನೆಯ ಕೊಳವು 8.2ನ್ನು ಮುಟ್ಟುವ ವೇಳೆಗೆ ಅದರ ಸೂಚ್ಯಂಕ 0.9 ಆಗಿ, ನೀಲಿ ಟೈಲ್ಸಿನ ಮೇಲೆ ಬಿಳಿಯ ಕರೆ ಕಟ್ಟಲು ಮೊದಲಾಗಿರುತ್ತದೆ; ಮೊದಲನೆಯದು ಇನ್ನೂ ಮೆಲ್ಲಮೆಲ್ಲನೆ ಏರುತ್ತಿರುತ್ತದೆ. ಅಳೆದ ಗಳಿಗೆಯ ಸತ್ಯವನ್ನು ಮಾತ್ರ ಹೇಳಿ ಮರುದಿನದ ವಿಷಯದಲ್ಲಿ ಮೌನ ತಾಳುವ ಅಂಕಿಯನ್ನು ಜಾತಕವೆಂಬಂತೆ ಓದುವುದು ಯಾವ ನ್ಯಾಯ? ಸುಣ್ಣ ಕೂರುವ ಪ್ರವೃತ್ತಿಯುಂಟೆಂದು ಅದು ಹೇಳೀತು; ಎಷ್ಟು ಕೂತೀತೆಂದು ಹೇಳದು.

ಹೊಸ ಕೊಳದಲ್ಲಿ ಈ ಮೌನ ಇನ್ನೂ ಅಪಾಯಕರ. ಹಸಿಯ ಸಿಮೆಂಟೂ ಟೈಲ್ಸುಗಳ ಸಂದಿಯ ಗ್ರೌಟೂ ಮೊದಲ ತಿಂಗಳು ಸುಣ್ಣದ ಕ್ಷಾರವನ್ನು ನೀರಿಗೆ ಬಿಡುತ್ತಲೇ ಇರುತ್ತವೆ. ಆ ಕ್ಷಾರವು ಬೈಕಾರ್ಬೊನೇಟನ್ನು ಸಂಧಿಸಿ ಬಿಳಿಯ ಹುಡಿಯಾಗಿ ತಳಕ್ಕೆ ಇಳಿಯುತ್ತದೆ. ಇದಕ್ಕೆ ಮದ್ದು ಕ್ಷಾರತೆಯನ್ನೇ ಇಳಿಸುವುದು. ಒಂದು ಲಕ್ಷ ಲೀಟರಿನ ಕೊಳದಲ್ಲಿ ಕ್ಷಾರತೆಯನ್ನು 300ರಿಂದ 100ಕ್ಕೆ ತರಲು ಅಂಗಡಿಯ ಹೈಡ್ರೋಕ್ಲೋರಿಕ್ ಆಸಿಡ್ ಸುಮಾರು 40 ಲೀಟರ್ ಬೇಕು. ಒಂದೇ ಸಲಕ್ಕೆ ಸುರಿದರೆ ಪಿಎಚ್ ಆರರ ನೆರೆಗೆ ಕುಸಿದು ಹೊಸ ಗ್ರೌಟು ಕರಗುವುದು. ಆದ್ದರಿಂದ ಕಂತುಕಂತಾಗಿ ಹಾಕಿ, ಕಂತುಗಳ ನಡುವೆ ನೀರು ಬರುವ ಬಾಯಿಗಳನ್ನು ಮೇಲಕ್ಕೆ ತಿರುಗಿಸಿ ಕಾರಂಜಿಯಂತೆ ಚಿಮ್ಮಿಸಿದರೆ, ಅನಿಲ ಹೊರಬಿದ್ದು ಪಿಎಚ್ ತಾನಾಗಿ ಮೇಲೇರುತ್ತದೆ, ಇಳಿದ ಕ್ಷಾರತೆ ಇಳಿದಂತೆಯೇ ನಿಲ್ಲುತ್ತದೆ. ಎಷ್ಟು ಸರಳ, ಎಷ್ಟು ಸುಂದರ ಉಪಾಯ! ಇದಕ್ಕೆ ಕೀರ್ತಿಯಿಲ್ಲ, ಏಕೆಂದರೆ ಇದಕ್ಕೆ ವಾರಗಟ್ಟಲೆ ಕಾಯಬೇಕು, ಕಾಯುವುದಕ್ಕೆ ಬಿಲ್ಲು ಬರೆಯಲಾಗದು.

ಗಡಸುನೀರಿಗೆ ಬ್ಲೀಚಿಂಗ್ ಪೌಡರ್ ಸುರಿಯುವ ವಾಡಿಕೆಯನ್ನು ಕುರಿತು ಹೆಚ್ಚು ಬರೆಯುವುದು ವ್ಯರ್ಥ. ಸುಣ್ಣವಿರುವಲ್ಲಿಗೆ ಸುಣ್ಣ. ಪಿಎಚ್ 8ರಲ್ಲಿ ಕ್ಲೋರಿನ್ನಿನ ಕ್ರಿಮಿನಾಶಕ ಭಾಗವು ಕಾಲುಪಾಲಿಗೆ ಇಳಿದಿರುವಾಗ ವಾಸನೆ ಬರಲಿಲ್ಲವೆಂದು ಇನ್ನೊಂದು ಚೀಲ ಒಡೆಯುವವರೂ ಉಂಟು.

ಇಷ್ಟು ಹೇಳಿದೊಡನೆಯೇ ಇನ್ನೊಂದು ಪಂಗಡದವರು ನನ್ನನ್ನು ತಮ್ಮವನೆಂದು ಅಪ್ಪಿಕೊಳ್ಳಲು ಬರುವರೆಂದು ಬಲ್ಲೆ. ರಸಾಯನಗಳೆಲ್ಲ ಪರದೇಶದ ಅನಿಷ್ಟವೆಂದೂ, ಆವಣಿ ಕುರುಡುಮಲೆಗಳ ಕಾಲದ ಹಿರಿಯರು ಕಲ್ಯಾಣಿಯ ನೀರಿಗೆ ಏನನ್ನೂ ಬೆರೆಸದೆ ಸುಖವಾಗಿ ಮಿಂದರೆಂದೂ ಭಾವುಕವಾಗಿ ಬರೆಯುವ ಇವರ ಲೇಖನಗಳಲ್ಲಿ ಮೆಟ್ಟಿಲುಗಳ ವರ್ಣನೆ ಹೇರಳವಾಗಿದೆ, ನೀರಿನ ವಿಚಾರ ಒಂದು ಹನಿಯೂ ಇಲ್ಲ. ಇವರಿಗೆ ನಾರುಹುಣ್ಣು ಮರೆತುಹೋಯಿತೆ? ಹುಣ್ಣಿನ ಕಾಲನ್ನು ಮೆಟ್ಟಿಲುಬಾವಿಯ ನೀರಿಗಿಟ್ಟವನಿಂದ ಅದೇ ನೀರನ್ನು ಕುಡಿದವನಿಗೆ ಹಬ್ಬುತ್ತಿದ್ದ ಆ ರೋಗವನ್ನು ನಿರ್ಮೂಲ ಮಾಡಲು ಸರ್ಕಾರವು ಎಷ್ಟೋ ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಬೇಕಾಯಿತು. ದೇಶದ ಕೊನೆಯ ರೋಗಿ ಕಂಡುಬಂದದ್ದು 1996ರಲ್ಲಿ, ರೋಗಮುಕ್ತವೆಂಬ ಮಾನ್ಯತೆ ದೊರೆತದ್ದು 2000ದಲ್ಲಿ. ಅಂತರಗಂಗೆಯನ್ನು ಉದಾಹರಿಸುವವರು ಬಸವನ ಬಾಯಿಂದ ಬೀಳುವ ಆ ನೀರು ಹರಿಯುವ ನೀರೆಂಬುದನ್ನು ಗಮನಿಸಿದಂತಿಲ್ಲ. ನೂರು ಮಂದಿ ಮೀಯುವ, ನಿಂತ ನೀರಿಗೆ ಕ್ಲೋರಿನ್ ಬೇಡವೆನ್ನುವುದು ಸಂಸ್ಕೃತಿಪ್ರೇಮವಲ್ಲ, ಆಲಸ್ಯ.

ಆದರೂ ಕಲ್ಯಾಣಿಯ ಪಕ್ಷದಲ್ಲಿ ಒಂದು ಅಂಶ ನಿಲ್ಲುತ್ತದೆ, ಅದನ್ನು ಆ ಪಕ್ಷದವರೇ ಕಂಡಿಲ್ಲ: ಅದು ತುಂಬುತ್ತಿದ್ದುದು ಬಹುಮಟ್ಟಿಗೆ ಮಳೆಯಿಂದ. ಮಳೆನೀರಿನಲ್ಲಿ ಗಡಸೂ ಇಲ್ಲ, ಕ್ಷಾರತೆಯೂ ಇಲ್ಲ. ಈ ಜಿಲ್ಲೆಯಲ್ಲಿ ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ. 200 ಚದರ ಮೀಟರಿನ ಚಾವಣಿಯೊಂದರಿಂದ, ಐದರಲ್ಲೊಂದು ಪಾಲು ಪೋಲಾದರೂ, ಒಂದು ಲಕ್ಷ ಲೀಟರಿಗೆ ಕಡಮೆಯಾಗದು. ಕೊಳದ ಅರ್ಧವನ್ನು ಹೀಗೆ ತುಂಬಿಸಿ ಉಳಿದರ್ಧಕ್ಕೆ ಬೋರ್‌ನೀರು ಬಿಟ್ಟರೆ ಕ್ಯಾಲ್ಸಿಯಂ 150, ಕ್ಷಾರತೆ 150 ಆಗಿ, 40 ಲೀಟರ್ ಆಸಿಡ್ ಬೇಕಾಗಿದ್ದಲ್ಲಿ 10 ಲೀಟರಿನಿಂದ ಕೆಲಸವಾಗುತ್ತದೆ. ಬೇಸಗೆಯಲ್ಲಿ ಆವಿಯಾದುದರ ಬದಲಿಗೆ ಟ್ಯಾಂಕರಿನ ಗಡಸುನೀರನ್ನೇ ಸುರಿಸುರಿದು ಕ್ಯಾಲ್ಸಿಯಂ ಬೆಳೆಸುವ ಕಷ್ಟವೂ, ಮಳೆನೀರಿನ ತೊಟ್ಟಿಯಿದ್ದವರಿಗೆ ಅಷ್ಟಷ್ಟು ತಗ್ಗುವುದು. ಕೈಪಿಡಿಗಳು ಗಡಸುತನವು 200ಕ್ಕಿಂತ ಇಳಿಯಬಾರದೆನ್ನುವುದು ನಿಜ. ಆದರೆ ಈ ಬೆರಕೆಯನ್ನು ಪಿಎಚ್ 7.6ರಲ್ಲಿಟ್ಟು ಲಾಂಗ್ಲಿಯರನ ಸೂತ್ರದಿಂದಲೇ ಅಳೆದರೆ ಉತ್ತರ ಸೊನ್ನೆಯ ಕೆಳಗೆ ಇಳಿಯುವುದೂ ಇಲ್ಲ, 0.2ನ್ನು ಮೀರುವುದೂ ಇಲ್ಲ. ನಾನು ಇಷ್ಟು ಹೊತ್ತು ಜಗಳವಾಡಿದ ಸೂಚ್ಯಂಕವು ಇಲ್ಲಿ ನನ್ನ ಪಕ್ಷ ವಹಿಸಿದೆ. ತೊಡಕೊಂದೇ: ಇಲ್ಲಿಯ ಮಳೆ ಹೆಚ್ಚಾಗಿ ಸುರಿಯುವುದು ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ, ಮಾಲೀಕರು ಕೊಳ ಸಿದ್ಧವಾಗಬೇಕೆಂದು ಅವಸರಿಸುವುದು ಮಾರ್ಚಿನೊಳಗೆ, ಮುಂಗಾರಿಗೆ ಮೊದಲೇ ಚಾವಣಿಯ ಕೊಳವೆಗಳನ್ನೂ ತೊಟ್ಟಿಯನ್ನೂ ಕಟ್ಟಿಸಿಟ್ಟವರಿಗೆ ಮಾತ್ರ ಈ ಲೆಕ್ಕ ಸಲ್ಲುತ್ತದೆ.